ಪದ್ಮಿನಿಗೆ ಸಾಲ ಬೇಕಿರಲಿಲ್ಲ

2021ರ ದೀಪಾವಳಿ ಮುಗಿದ ಮೇಲೆ ಒಂದು ಫೈನಾನ್ಸ್ ಕಂಪನಿಯಿಂದ ನಾಲ್ಕು ಲಕ್ಷ ರೂಪಾಯಿ ಪರ್ಸನಲ್ ಲೋನ್ ತೆಗೆದುಕೊಂಡೆ. ಪುಣೆಯ ಕೋಥ್ರೂಡಿನಲ್ಲಿ ನಮ್ಮ ಮನೆಯ ಮುಂದೆ, ತಗಡಿನ ಶೀಟಿನ ಕೆಳಗೆ, 1986ರ ಪ್ರೀಮಿಯರ್ ಪದ್ಮಿನಿಯೊಂದು ಬಿಚ್ಚಿಕೊಂಡು ನಿಂತಿತ್ತು, ಸಾಲ ಅದಕ್ಕೆ. ಕಾರು ರಸ್ತೆಗಿಳಿದದ್ದು 2024ರ ಕೊನೆಗೆ, ಸಾಲ ತೀರಿದ್ದು ಅದಾದ ಒಂದು ವರ್ಷಕ್ಕೆ. ಕಾರಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಸಾಲದ ಲೆಕ್ಕವನ್ನು ಮಾತ್ರ ಇಲ್ಲಿ ಪೂರ್ತಿ ಬಿಡಿಸಿ ಇಡುತ್ತೇನೆ. ಹಳೆ ಫಿಯಟ್, ಮೈಸೂರಿನ ಹಳೆ ಜಾವಾ, ಅಪ್ಪನ ಕಾಲದ ಸ್ಕೂಟರ್ ಇವನ್ನೆಲ್ಲ ಮನೆಯಲ್ಲೇ ಕಟ್ಟಲು ಹೊರಟವರು ಈಚೆಗೆ ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: "ಲೋನ್ ತಗೊಂಡು ಒಂದೇ ಸಲಕ್ಕೆ ಮುಗಿಸಿಬಿಡೋದಾ ಸರ್?"

ಬೇಡ. ಯಾಕೆ ಬೇಡ ಎಂಬುದಕ್ಕೆ ಮೊದಲು ಕಾರಿನ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಬೇಕು.

ಪದ್ಮಿನಿ ಮೂಲದಲ್ಲಿ ಇಟಲಿಯ ಫಿಯಟ್ 1100. ವಾಲಚಂದ್ ಹೀರಾಚಂದ್ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈಯ ಕುರ್ಲಾದಲ್ಲಿ ಅದನ್ನು ತಯಾರಿಸುತ್ತಿತ್ತು. 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿ ಎಂಜಿನ್, ಕಾರ್ಬ್ಯುರೇಟರ್, ಸ್ಟೇರಿಂಗಿನ ಪಕ್ಕದಲ್ಲೇ ಗೇರ್. ಎಲೆಕ್ಟ್ರಾನಿಕ್ಸ್ ಎಂಬುದು ಇಲ್ಲವೇ ಇಲ್ಲ. ಒಂದು ಸೆಟ್ ಸ್ಪ್ಯಾನರ್, ಒಂದು ಒಳ್ಳೆಯ ಜ್ಯಾಕು, ತಾಳ್ಮೆ ಇದ್ದವನು ಅರ್ಧ ಕೆಲಸವನ್ನು ತಾನೇ ಮಾಡಬಹುದು. ಎಂಜಿನ್ ಇಳಿಸಿ ಲೇತಿಗೆ ಒಯ್ದರೆ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಎಲ್ಲ ಗೊತ್ತಾದ ದರದಲ್ಲಿ, ಗೊತ್ತಾದ ಸಮಯದಲ್ಲಿ ಮುಗಿಯುತ್ತವೆ. ಹಣವನ್ನೂ ಕಾಲವನ್ನೂ ತಿನ್ನುವುದು ಬಾಡಿ. ಲಾರಿಗಿರುವ ಹಾಗೆ ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನು ಎಲ್ಲ ಸೇರಿಯೇ ಕಾರನ್ನು ಹೊತ್ತು ನಿಲ್ಲುತ್ತವೆ. ಅಲ್ಲಿ ತುಕ್ಕು ಹಿಡಿದಿದ್ದರೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಮೋಸದ ಕೆಲಸ. ತಗಡು ಕತ್ತರಿಸಿ, ಹೊಸದನ್ನು ಮಡಚಿ, ವೆಲ್ಡ್ ಮಾಡಬೇಕು. ನನ್ನ ಕಾರಿನ ನೆಲಹಾಸು ಎತ್ತಿದಾಗ ಡ್ರೈವರ್ ಕಾಲಿಡುವ ಜಾಗದಲ್ಲಿ ಕಾರಿನಡಿಯ ನೆಲ ಕಾಣುತ್ತಿತ್ತು. ಹಳೆ ಕಾರು ಕೊಳ್ಳುವವರು ಎಂಜಿನ್ ಸದ್ದು ಕೇಳಿ ಬೆಲೆ ಕಟ್ಟುತ್ತಾರೆ. ಮ್ಯಾಟು ಎತ್ತಿ ನೋಡಿ ಬೆಲೆ ಕಟ್ಟಬೇಕು.

ಇನ್ನು ಪುಣೆಯಲ್ಲಿ ಇಂಥ ಕೆಲಸದ ನಡಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಪೇಂಟರ್ ಯಾರೂ ತೆರೆದ ಜಾಗದಲ್ಲಿ ಪ್ರೈಮರ್ ಮುಟ್ಟುವುದಿಲ್ಲ. ತೇವ ಒಳಗೆ ಕೂತರೆ ಮರುವರ್ಷ ಬಣ್ಣ ಗುಳ್ಳೆ ಏಳುತ್ತದೆ. ಮಳೆ ಬಿಟ್ಟಿತು ಎನ್ನುವಷ್ಟರಲ್ಲಿ ಗಣಪತಿ, ಅದು ಮುಗಿದರೆ ದಸರಾ, ದೀಪಾವಳಿ. ಟಿಂಕರಿಂಗ್ ಮಾಡುವ ಉಸ್ತಾದ್ ಉತ್ತರ ಪ್ರದೇಶದವರು, ಊರಿಗೆ ಹೋದರೆ ತಿಂಗಳು. ಬಿಡಿಭಾಗಕ್ಕೆ ನಾನಾ ಪೇಟೆಯ ಅಂಗಡಿಗಳು, ಬುಧವಾರ ಭಾನುವಾರ ಸೇರುವ ಜುನಾ ಬಜಾರ್, ಕೊನೆಗೆ ರೈಲು ಹತ್ತಿ ಕುರ್ಲಾ. ಮುಂಬೈಯಲ್ಲಿ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿರುವವರೆಗೆ ಬ್ರೇಕ್ ಸಿಲಿಂಡರಿನಿಂದ ಬಾಗಿಲ ಹಿಡಿಯವರೆಗೆ ಎಲ್ಲವೂ ಅಂಗಡಿಯ ಮುಂಭಾಗದಲ್ಲೇ ಸಿಗುತ್ತಿದ್ದವು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆ ಬಿಟ್ಟಿತು. ಅಂಗಡಿಯವನಿಗೆ ದಿನದ ಗಿರಾಕಿ ಹೋದ ಮೇಲೆ ಸರಕು ಅಟ್ಟ ಸೇರಿತು, ಬೆಲೆ ಬಾಯಿಗೆ ಬಂದಷ್ಟಾಯಿತು. ಮುಂದಿನ ಗಾಜಿನ ಬೀಡಿಂಗ್ ಒಂದಕ್ಕಾಗಿ ನನ್ನ ಕಾರು ಒಂದು ಬೇಸಿಗೆ ಪೂರ್ತಿ ಕಾದಿದೆ.

ಇಷ್ಟು ಹೇಳಿದ್ದು ಯಾಕೆಂದರೆ, ಮನೆಯಲ್ಲಿ ಕಾರು ಕಟ್ಟುವಾಗ ಕೆಲಸ ನಿಲ್ಲುವುದು ಹಣವಿಲ್ಲದ್ದಕ್ಕಿಂತ ಹೆಚ್ಚಾಗಿ ಸಾಮಾನಿಲ್ಲದೆ, ಕೆಲಸಗಾರನಿಲ್ಲದೆ, ಬಿಸಿಲಿಲ್ಲದೆ. ಹಣವನ್ನು ಒಂದೇ ಸಲಕ್ಕೆ ಸುರಿದರೂ ಕೆಲಸ ಅದನ್ನು ಒಂದೇ ಸಲಕ್ಕೆ ಕುಡಿಯುವುದಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದ ಪೂರ್ತಿ ನಾಲ್ಕು ಲಕ್ಷದ ಮೇಲೆ.

ಈಗ ಲೆಕ್ಕ. ಪೆನ್ನು ಹಿಡಿದು ಓದಿ.

ಏಜೆಂಟ್ ಹೇಳಿದ್ದು 9% ಫ್ಲಾಟ್, ನಾಲ್ಕು ವರ್ಷ. ನಾಲ್ಕು ಲಕ್ಷಕ್ಕೆ ವರ್ಷಕ್ಕೆ 36,000, ನಾಲ್ಕು ವರ್ಷಕ್ಕೆ 1,44,000. ಒಟ್ಟು ಕಟ್ಟಬೇಕಾದ್ದು 5,44,000. ಅದನ್ನು 48ರಿಂದ ಭಾಗಿಸಿದರೆ ಇಎಂಐ 11,333. ಕೇಳಲು ಹಗುರ. ಆದರೆ ಪ್ರತಿ ತಿಂಗಳೂ ನಾನು ಅಸಲನ್ನೂ ತೀರಿಸುತ್ತ ಬಂದಿದ್ದೇನೆ. ಎರಡು ವರ್ಷ ಕಳೆದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಸಲು ಮಾತ್ರ ನನ್ನ ಬಳಿ ಇರುತ್ತದೆ, ಬಡ್ಡಿ ಕಟ್ಟುವುದು ಪೂರ್ತಿ ನಾಲ್ಕು ಲಕ್ಷಕ್ಕೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ರೆಡ್ಯೂಸಿಂಗ್ ಬ್ಯಾಲೆನ್ಸಿನಲ್ಲಿ ನೋಡಿದರೆ ಈ 9% ಎಂಬುದು ಸುಮಾರು 16%. ಮುಗಿಯಲಿಲ್ಲ. ಪ್ರೊಸೆಸಿಂಗ್ ಫೀ 2%, ಅಂದರೆ 8,000. ಅದರ ಮೇಲೆ 18% ಜಿಎಸ್‌ಟಿ 1,440. ಸಾಲದ ಜತೆ ಕಡ್ಡಾಯ ಎಂಬಂತೆ ಅಂಟಿಸಿದ ಸಾಲ ವಿಮೆ 12,000. ಇವನ್ನೆಲ್ಲ ಮೊದಲೇ ಮುರಿದುಕೊಂಡು ಖಾತೆಗೆ ಬಂದದ್ದು 3,78,560. ಕಟ್ಟಿದ್ದು 5,44,000. ವ್ಯತ್ಯಾಸ 1,65,440. ಕೈಗೆ ಬಂದ ಹಣಕ್ಕೆ ಲೆಕ್ಕ ಹಾಕಿದರೆ ದರ 19% ದಾಟುತ್ತದೆ.

ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಅದು ನನ್ನ ಖರ್ಚಿನ ಪುಸ್ತಕದಲ್ಲೇ ಇತ್ತು. 85,000ಕ್ಕೆ ಕಾರು ಕೊಂಡದ್ದು ಕೈಯಲ್ಲಿದ್ದ ಹಣದಿಂದ, ಅದನ್ನು ಬಿಡಿ. ಕೆಲಸಕ್ಕೆ ಒಟ್ಟು ತಗಲಿದ್ದು 4,20,000: ಟಿಂಕರಿಂಗ್ ಮತ್ತು ತಗಡು 1,35,000, ಪೇಂಟ್ 70,000, ಎಂಜಿನ್ 62,000, ರಬ್ಬರು ಗಾಜು ಕ್ರೋಮ್ 55,000, ಬ್ರೇಕು ಸಸ್ಪೆನ್ಷನ್ 38,000, ಸೀಟು 28,000, ಕಾಗದಪತ್ರ 18,000, ವೈರಿಂಗ್ 14,000. ಇದರಲ್ಲಿ ಮೊದಲ ವರ್ಷ ಖರ್ಚಾದದ್ದು 1,40,000. ಎರಡನೇ ವರ್ಷ 1,60,000. ಮೂರನೇ ವರ್ಷ 1,20,000.

ಪಕ್ಕದಲ್ಲಿ ಇಎಂಐ ಇಡಿ. ವರ್ಷಕ್ಕೆ 1,36,000. ಮೊದಲ ವರ್ಷ ಕೆಲಸ ಕೇಳಿದ್ದು 1,40,000, ನಾನು ಕಂಪನಿಗೆ ಕಟ್ಟಿದ್ದು 1,36,000. ಅದೇ ಸಂಬಳ, ಅದೇ 11,333 ರೂಪಾಯಿ. ಪ್ರತಿ ತಿಂಗಳು ಕಂಪನಿಗೆ ಕೊಡುವ ಬದಲು ಬೇರೆ ಖಾತೆಗೆ ಹಾಕಿ ಅಲ್ಲಿಂದ ಉಸ್ತಾದ್‌ಗೆ, ಲೇತಿಗೆ, ನಾನಾ ಪೇಟೆಗೆ ಕೊಟ್ಟಿದ್ದರೆ ಮೊದಲ ವರ್ಷ ಕೊರತೆ ಬೀಳುತ್ತಿದ್ದದ್ದು 4,000. ಎರಡನೇ ವರ್ಷದ ಕೊನೆಗೆ ಒಟ್ಟು ಕೊರತೆ 28,000, ಎರಡೂವರೆ ತಿಂಗಳ ಕಂತು. ಮೂರನೇ ವರ್ಷದ ಕೊನೆಗೆ ಅದು 12,000ಕ್ಕೆ ಇಳಿಯುತ್ತಿತ್ತು. ಅಂದರೆ ಸಾಲವಿಲ್ಲದೆಯೂ ಕಾರು ಹೆಚ್ಚೆಂದರೆ ಎರಡು ಮೂರು ತಿಂಗಳು ತಡವಾಗಿ ರಸ್ತೆಗಿಳಿಯುತ್ತಿತ್ತು. ಆ ಎರಡು ಮೂರು ತಿಂಗಳಿಗೆ ನಾನು ಕೊಟ್ಟ ಬೆಲೆ 1,65,440 ರೂಪಾಯಿ. ಟಿಂಕರಿಂಗಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಖಾತೆಯಲ್ಲಿ ಬಿದ್ದಿದ್ದ ಸಾಲದ ಹಣಕ್ಕೆ ಬಂದ ಉಳಿತಾಯ ಬಡ್ಡಿಯನ್ನು ಕಳೆದರೂ ಚಿತ್ರ ಬದಲಾಗುವುದಿಲ್ಲ. ಮೊದಲ ಮಳೆಗಾಲದಲ್ಲೇ ನನ್ನ ಹೆಂಡತಿ ಪಾಸ್‌ಬುಕ್ ನೋಡಿ ಹೇಳಿದ್ದಳು: "ರೊಕ್ಕ ಬ್ಯಾಂಕಿನಾಗ ಕುಂತೈತಿ, ಬಡ್ಡಿ ಓಡಾಕ್ಹತ್ತೈತಿ." ವಿಜಯಪುರದ ಕಿರಾಣಿ ಅಂಗಡಿಯವರ ಮಗಳು ಅವಳು, ಈ ಅಂಕಣದಲ್ಲಿ ನಾನು ಬಿಡಿಸುತ್ತಿರುವುದೆಲ್ಲ ಆ ಒಂದು ಮಾತಿನೊಳಗಿದೆ.

ಬೇರೆ ದಾರಿಗಳಿದ್ದವೇ? ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ ಇತ್ತು: ಎಷ್ಟು ತೆಗೆದೆವೋ ಅಷ್ಟಕ್ಕೆ, ಅಷ್ಟೇ ದಿನಕ್ಕೆ ಬಡ್ಡಿ. ನಡುವೆ 28,000 ಕೊರತೆ ಬಿದ್ದಾಗ ಅದು ಸಾಕಾಗುತ್ತಿತ್ತು. ಪತಸಂಸ್ಥೆಯ, ಅಂದರೆ ಸಹಕಾರಿ ಸಾಲ ಸಂಘದ, ಸಣ್ಣ ಸಾಲವೂ ಆಗುತ್ತಿತ್ತು.

ಫ್ಲಾಟ್ ದರದ ಬಗ್ಗೆ ನನಗೆ ಸಹನೆ ಉಳಿದಿಲ್ಲ. 16%ನ್ನು 9% ಎಂದು ಹೇಳಿ ಮಾರುವುದಕ್ಕೆ ಇನ್ನೊಬ್ಬರ ಅಜ್ಞಾನವೇ ಬಂಡವಾಳ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ಅದೇ ಅಕ್ಟೋಬರ್ 1ರಿಂದ ಎಲ್ಲ ಹೊಸ ರಿಟೇಲ್ ಸಾಲಗಳಿಗೂ ಕೆಎಫ್‌ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಸಾಲದ ಮುಖ್ಯಾಂಶಗಳ ಪತ್ರ) ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್, ಅಂದರೆ ಸಾಲದ ನಿಜವಾದ ವಾರ್ಷಿಕ ದರ, ಇರಲೇಬೇಕು, ವಿಮೆ ಮತ್ತು ಫೀ ಸೇರಿಸಿ. ಒಳ್ಳೆಯ ನಿಯಮ. ಆದರೂ ಫೋನಿನಲ್ಲಿ ಇವತ್ತಿಗೂ ಕಿವಿಗೆ ಬೀಳುವುದು ಫ್ಲಾಟ್ ದರವೇ. ಕಾಗದದಲ್ಲಿ ಎಪಿಆರ್ ಬರುವ ಹೊತ್ತಿಗೆ ಗಿರಾಕಿ ಮನಸ್ಸಿನಲ್ಲಿ ಹಣ ಖರ್ಚು ಮಾಡಿ ಆಗಿರುತ್ತದೆ. ಹವ್ಯಾಸಕ್ಕೆ ಈ ಸಾಲ ಯಾವ ದರದಲ್ಲೂ ಸಲ್ಲ ಎಂಬುದು ನನ್ನ ತೀರ್ಮಾನ.

ಜತೆಗೆ ಇನ್ನೊಂದು ಮಾತು ಮಾರಾಟವಾಗುತ್ತಿದೆ: ಹಳೆ ಕಾರು "ಇನ್ವೆಸ್ಟ್‌ಮೆಂಟ್" ಎಂದು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ ಪಯಣ ಸಂಗ್ರಹಾಲಯದಲ್ಲಿ ಹಳೆ ಕಾರುಗಳ ಸಾಲು ನೋಡಿ ಬಂದವರಿಗೆ ಹಾಗೆ ಅನ್ನಿಸುವುದು ಸಹಜ. ಪದ್ಮಿನಿ ಆ ಲೆಕ್ಕಕ್ಕೆ ಸೇರುವುದಿಲ್ಲ. ದಶಕಗಟ್ಟಲೆ ತಯಾರಾದ ಜನಸಾಮಾನ್ಯರ ಕಾರು ಅದು. ಕೊಂಡ ಬೆಲೆ, ಕೆಲಸ, ಸಾಲದ ಖರ್ಚು ಸೇರಿ ನನ್ನ ಕಾರಿಗೆ ಬಿದ್ದದ್ದು 6,70,440. ಇದುವರೆಗೆ ಯಾರಾದರೂ ಕೇಳಿದ ಅತಿ ಹೆಚ್ಚಿನ ಬೆಲೆ 3,25,000. ಸ್ವಂತ ಬಳಕೆಯ ಕಾರು ಮಾರಿ ಬಂದ ಲಾಭಕ್ಕೆ ತೆರಿಗೆ ಇಲ್ಲ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ. ನಿಜ, ಆದರೆ ನಷ್ಟವನ್ನು ಹೊಂದಿಸಿಕೊಳ್ಳಲೂ ಬರುವುದಿಲ್ಲ. ಪದ್ಮಿನಿಯಲ್ಲಿ ಆಗುವುದು ಎರಡನೆಯದೇ.

ಹಿಡಿದಿಟ್ಟುಕೊಳ್ಳುವ ಖರ್ಚೂ ಏರುತ್ತಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ 2022ರ ಏಪ್ರಿಲ್‌ನಿಂದ 600ರಿಂದ 5,000ಕ್ಕೆ ಏರಿತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರಿಗೆ ಅದು 10,000 ಆಯಿತು, ಐದು ವರ್ಷಕ್ಕೊಮ್ಮೆ. 2021ರ ವಿಂಟೇಜ್ ನಿಯಮದಲ್ಲಿ 20,000 ಕಟ್ಟಿದರೆ ಹತ್ತು ವರ್ಷದ ನೋಂದಣಿ, ವಿಎ ಸರಣಿಯ ನಂಬರು ಸಿಗುತ್ತದೆ ನಿಜ, ಆದರೆ ಕಾರಿಗೆ 50 ವರ್ಷ ತುಂಬಿರಬೇಕು, ದಿನನಿತ್ಯ ಓಡಿಸುವಂತಿಲ್ಲ. ನನ್ನದಕ್ಕೆ 50 ತುಂಬುವುದು 2036ಕ್ಕೆ. ವಿಮೆಯಲ್ಲಿ ಐಡಿವಿ, ಅಂದರೆ ವಿಮೆಗಾಗಿ ಘೋಷಿಸುವ ಕಾರಿನ ಬೆಲೆ, ಈ ವಿಷಯಕ್ಕೆ ಮಾತ್ರ ಗಟ್ಟಿಯಾಗಿ ಕೂರಿ. ಐದು ವರ್ಷ ಮೀರಿದ ವಾಹನಕ್ಕೆ ಅದು ಎರಡೂ ಕಡೆಯವರು ಒಪ್ಪಿ ನಿಗದಿ ಮಾಡುವ ಮೊತ್ತ. ಮೊದಲು ನನಗೆ ಹೇಳಿದ್ದು 60,000. ಬಿಲ್ಲುಗಳು, ಕೆಲಸದ ಪ್ರತಿ ಹಂತದ ಫೋಟೊ, ವ್ಯಾಲ್ಯುಯರ್ ವರದಿ ಮುಂದಿಟ್ಟ ಮೇಲೆ ಎರಡೂವರೆ ಲಕ್ಷಕ್ಕೆ ಬಂದರು. ಜುನಾ ಬಜಾರಿನ ಸಾಮಾನಿಗೆ ಬಿಲ್ಲಿಲ್ಲ, ಅಲ್ಲಿ ಕೊಂಡದ್ದರ ಫೋಟೊವನ್ನಾದರೂ ಇಟ್ಟುಕೊಳ್ಳಿ.

ಅಭ್ಯಾಸದ ಬಗ್ಗೆಯೂ ಹೇಳಬೇಕು. ಕೈಯಲ್ಲಿ ದೊಡ್ಡ ಮೊತ್ತ ಇದ್ದಾಗ ನಾವು ಪ್ರಶ್ನೆ ಕೇಳುವುದು ಕಡಿಮೆಯಾಗುತ್ತದೆ. ತಿಂಗಳ ಹಣದಲ್ಲಿ ಕೆಲಸ ಮಾಡುವವನು ಈ ತಿಂಗಳು ಬ್ರೇಕೋ ರೇಡಿಯೇಟರೋ ಎಂದು ಯೋಚಿಸಿ ಬ್ರೇಕ್ ಎನ್ನುತ್ತಾನೆ. ಒಟ್ಟು ಹಣ ಇರುವವನು ನೆಲದ ತಗಡೇ ಹಾಕಿಲ್ಲದ ಕಾರಿಗೆ ಕ್ರೋಮ್ ಬಂಪರ್ ಕೊಂಡು ಅಟ್ಟದಲ್ಲಿ ಇಡುತ್ತಾನೆ. ಉಸ್ತಾದ್‌ಗೆ ಮುಂಗಡ ಕೊಡಬೇಡಿ; ಒಂದು ಬಾಗಿಲು ಮುಗಿದರೆ ಆ ಬಾಗಿಲಿನ ಹಣ ಅದೇ ದಿನ ಸಂಜೆ ಕೊಡಿ, ಒಂದು ರೂಪಾಯಿ ಚೌಕಾಸಿ ಮಾಡದೆ. ಅಂಥ ಗಿರಾಕಿಯ ಕಾರಿನ ಕೆಲಸಕ್ಕೆ ಅವರು ಊರಿನಿಂದ ಬೇಗ ವಾಪಸು ಬರುತ್ತಾರೆ, ನಾನು ಕಂಡಿದ್ದೇನೆ. ಮನೆಯವರಿಗೆ ಕಾಣುವ ಹಾಗೆ ಖರ್ಚಿನ ಪುಸ್ತಕ ಬರೆಯಿರಿ. ಮಕ್ಕಳಿಗೂ ಸ್ಪ್ಯಾನರ್ ಕೊಡಿ. ಮಳೆಗಾಲದಲ್ಲಿ ಕಾರು ಮುಟ್ಟಬೇಡಿ. ಆ ನಾಲ್ಕು ತಿಂಗಳ ಹಣ ಕೂಡಿಬಿದ್ದು ಅಕ್ಟೋಬರ್‌ನಲ್ಲಿ ಪೇಂಟಿನ ಮೊದಲ ಕಂತಾಗುತ್ತದೆ.

ಇಷ್ಟಾದರೂ ಸಾಲ ಮಾಡಲೇಬೇಕು ಎಂದು ಹೊರಟವರಿಗೆ ಒಂದು ವಿನಂತಿ. ಸಹಿ ಹಾಕುವ ಮೊದಲು ಆರು ತಿಂಗಳ ಕಾಲ, ಆ ಇಎಂಐಯಷ್ಟೇ ಹಣವನ್ನು ತಿಂಗಳ ಮೊದಲ ವಾರ ಬೇರೆ ಖಾತೆಗೆ ಹಾಕಿ, ಅದರಿಂದಲೇ ಕಾರಿನ ಕೆಲಸ ನಡೆಸಿ ನೋಡಿ. ಆರು ತಿಂಗಳ ಮೇಲೂ ಹಣ ಸಾಲದೆ ಕೆಲಸ ನಿಂತಿದ್ದರೆ ಆಗ ಕೆಎಫ್‌ಎಸ್ ಕೇಳಿ, ಎಪಿಆರ್ ಎಷ್ಟೆಂದು ಓದಿ. ಆ ಕಾಗದ ಕೊಡಲು ಹಿಂಜರಿಯುವವರ ಮುಂದೆ ಕೂರಬೇಡಿ, ಎದ್ದು ಬನ್ನಿ.