ಆಗುಂಬೆ: ಹಗಲು ಮಲಗಿ, ರಾತ್ರಿ ನೋಡಿ

ಆಗುಂಬೆಗೆ ಹೊರಟವರೆಲ್ಲ ಕೇಳುವುದು ಒಂದೇ, ಕಾಳಿಂಗ ಸರ್ಪ ಕಾಣುತ್ತದಾ? ಮಳೆಗಾಲದಲ್ಲಾದರೆ ಕಾಣುವುದಿಲ್ಲ ಅಂದುಕೊಂಡೇ ಹೋಗಿ. ಅದು ಬೆದೆಗೆ ಬಂದು ಓಡಾಡುವುದು ಮಾರ್ಚ್‌ನಿಂದ ಮೇ ತನಕ. ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಇಲ್ಲೇ ಇದೆ, ನಿಜ. ಆದರೆ ಅದೇನು ಹಾವು ತೋರಿಸುವ ಝೂ ಅಲ್ಲ.

'ತೋರಿಸ್ತೀನಿ ಬನ್ನಿ ಸಾರ್' ಅನ್ನುವವರಿಂದ ದೂರವಿರಿ. ನಮಗೂ ಒಬ್ಬ ಗಂಟುಬಿದ್ದಿದ್ದ. ಎಲೆ ಮೇಲೆ ತನ್ನ ಪಾಡಿಗೆ ಕೂತಿದ್ದ ಮರಗಪ್ಪೆಯನ್ನು ಎತ್ತಿ ನಮ್ಮ ಅಂಗೈಗೆ ಹಾಕಿ 'ಫೋಟೋ ಹೊಡೀರಿ' ಅಂದ. ವಾಪಸು ಬಂದ ಮೇಲೆ ಒಪ್ಪಿದ್ದಕ್ಕಿಂತ ಜಾಸ್ತಿ ದುಡ್ಡು ಕೇಳಿದ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯ ಸೊಳ್ಳೆ ಮುಲಾಮು ನೇರ ಅದರ ಮೈಗಿಳಿಯುತ್ತದೆ. ಪ್ರಾಣಿಯನ್ನು ಮುಟ್ಟದವನೇ ಒಳ್ಳೆಯ ಗೈಡು.

ಮಳೆಗಾಲದ ಆಗುಂಬೆ ಇರುವುದು ರಾತ್ರಿ, ಅದೂ ಹೋಂಸ್ಟೇ ಹಿತ್ತಲಲ್ಲೇ. ಮಲಬಾರ್ ಗುಳಿಮಂಡಲ ಒಂದೇ ಜಾತಿಯಾದರೂ ಒಂದು ಹಸಿರು, ಒಂದು ಕಂದು, ಇನ್ನೊಂದು ಹಳದಿ. ಕೂತ ಕೊಂಬೆಯಲ್ಲೇ ದಿನಗಟ್ಟಲೆ ಕೂರುವ ಸೋಮಾರಿ. ಹಾಗಾಗಿ 'ನಿನ್ನೆ ಎಲ್ಲಿತ್ತು?' ಎಂದು ಮನೆಯವರನ್ನೇ ಕೇಳಿ, ಅರ್ಧ ಕೆಲಸ ಮುಗಿಯಿತು. ಕೆರೆ, ತೊಟ್ಟಿಗಳ ಮೇಲೆ ಬಾಗಿದ ಕೊಂಬೆಗಳಲ್ಲಿ ಬಿಳಿ ನೊರೆಯ ಮುದ್ದೆ ಕಂಡರೆ ಅದು ಹಾರುವ ಕಪ್ಪೆಯ ಗೂಡು. ಮೊಟ್ಟೆಯೊಡೆದು ಬಂದ ಗೊದಮೊಟ್ಟೆಗಳು ಅಲ್ಲಿಂದ ನೀರಿಗೆ ಉದುರುತ್ತವೆ. ಆಮೇಲೆ ಟಾರ್ಚ್ ಆರಿಸಿ ಐದು ನಿಮಿಷ ಸುಮ್ಮನೆ ನಿಲ್ಲಿ. ಅದೃಷ್ಟವಿದ್ದರೆ ಕೊಳೆತ ಕಟ್ಟಿಗೆಯ ಮೇಲಿನ ಅಣಬೆ ಹಸಿರಾಗಿ ಮಿನುಗುತ್ತದೆ.

ಉಂಬಳಕ್ಕೆ ಹೆದರಬೇಡಿ. ಉದ್ದ ಕಾಲುಚೀಲಕ್ಕೆ ನಶ್ಯ ಸವರಿಕೊಳ್ಳಿ, ಉಪ್ಪಿನ ಪೊಟ್ಟಣ ಜೇಬಲ್ಲಿರಲಿ. ಕಚ್ಚಿದ ಮೇಲೆ ರಕ್ತ ಬೇಗ ನಿಲ್ಲದಿರುವುದು ಅದರ ಜೊಲ್ಲಿನ ಗುಣ, ಗಾಬರಿ ಬೇಡ.

'ಕರ್ವಾಲೊ' ಕಾದಂಬರಿ ಓದಿ ಹಾರುವ ಓತಿಗಾಗಿ ಹೊರಟವರು ಮಾತ್ರ ಬೇಸಿಗೆಯಲ್ಲಿ ಬನ್ನಿ. ಬೆಳಗಿನ ಬಿಸಿಲು ಅಡಿಕೆ ತೋಟಕ್ಕೆ ಬಿದ್ದಾಗ ಮರದ ಕಾಂಡಗಳನ್ನೇ ನೋಡುತ್ತಿರಿ. ಗಂಡು ಗಂಟಲಿನ ಹಳದಿ ಚೀಲ ಬಿಚ್ಚಿದಾಗಲೇ ಅದು ಅಲ್ಲಿದೆ ಅಂತ ಗೊತ್ತಾಗುವುದು.

ಸೂರ್ಯಾಸ್ತ ಸ್ಥಳ? ಮಳೆಗಾಲದಲ್ಲಿ ಬರೀ ಮಂಜು. ಬರ್ಕಣ, ಜೋಗಿಗುಂಡಿ ಜಲಪಾತಗಳಿಗೆ ಬಿಡುತ್ತಾರೋ ಇಲ್ಲವೋ, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೊರಡಿ. ಉಡುಪಿ ಕಡೆಯಿಂದ ಮಿನಿ ಬಸ್ಸಲ್ಲಿ ಬರುವವರು ಹೊಟ್ಟೆ ತುಂಬ ತಿಂದು ಹತ್ತಬೇಡಿ, ಘಾಟಿಯಲ್ಲಿ 14 ತಿರುವುಗಳಿವೆ. ಹೋಂಸ್ಟೇ ದರವನ್ನು ಊಟ ಸೇರಿಸಿ ಫೋನಿನಲ್ಲೇ ಮಾತಾಡಿಕೊಳ್ಳಿ.

ಒಂದೇ ಸಲ ಬರುವುದಾದರೆ ಜೂನ್‌ನ ಮೊದಲ ಮಳೆಗೆ ಬನ್ನಿ, ಕಪ್ಪೆಗಳು ಆಗಲೇ ಕೂಗುವುದು. ಜುಲೈ ಬೇಡ. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವ ಹಾಗಿಲ್ಲ, ಕ್ಯಾಮೆರಾ ಬ್ಯಾಗಿನಿಂದ ಹೊರಗೆ ಬರುವುದೇ ಇಲ್ಲ.