ಗುಂಡಿಗೆ ಎಷ್ಟು ದಪ್ಪದ ಬಟ್ಟೆ?

ಅಮೆರಿಕದವರು ಗುಂಡಿಗೆ ಬಟ್ಟೆ ಸುತ್ತಿ ರೈಫಲ್ ತುಂಬೋ ವಿಡಿಯೊ ನೋಡಿ, ನಮ್ಮ ಕೇಪಿನ ಕೋವಿಗೂ ಹಾಗೆ ಮಾಡಿದ್ರೆ ಗುರಿ ಸರಿಯಾಗುತ್ತಾ ಅಂತ ಕೆಲವರು ಕೇಳ್ತಾರೆ. ಅಷ್ಟು ಸುಲಭ ಅಲ್ಲ. ಆ ರೈಫಲ್‌ ನಳಿಗೆಯೊಳಗೆ ಸುರುಳಿ ಗೀರುಗಳಿವೆ. ಕೊಬ್ಬು ಸವರಿದ ಹತ್ತಿಬಟ್ಟೆ ಆ ಗೀರುಗಳನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ. ನಮ್ಮ ಹಳೇ ಕೋವಿಗಳ ನಳಿಗೆ ಸಾಮಾನ್ಯವಾಗಿ ನುಣುಪು. ಅಲ್ಲಿ ಬಟ್ಟೆ ಸಂದು ಮುಚ್ಚಬಹುದು, ಗುಂಡನ್ನು ತಿರುಗಿಸಲಾರದು.

ಅವರ ಲೆಕ್ಕ ನೋಡಿ. 50 ಕ್ಯಾಲಿಬರ್ ಅಂದ್ರೆ 12.7 ಮಿ.ಮೀ. ನಳಿಗೆ. ಗುಂಡು 12.45, ಬಟ್ಟೆಯ ದಪ್ಪ 0.38. ಬಟ್ಟೆ ಎರಡೂ ಬದಿ ಬರುವುದರಿಂದ ಒಟ್ಟು 13.2. ನಳಿಗೆಗಿಂತ ಅರ್ಧ ಮಿ.ಮೀ. ಜಾಸ್ತಿ! ಬಟ್ಟೆ ಅಮುಕಿಕೊಂಡು ಗೀರಿನೊಳಗೆ ಇಳಿಯೋದೇ ಹಾಗೆ. ಇದು ಶುರುವಿನ ಅಳತೆ, ಒಂದೊಂದು ನಳಿಗೆಗೂ ಬದಲಾಗುತ್ತೆ.

ಹೊಡೆದ ಮೇಲೆ ಬಿದ್ದ ಬಟ್ಟೆಯನ್ನು ಹುಡುಕಿ ನೋಡ್ತಾರೆ. ಸುಟ್ಟು ತೂತಾಗಿದ್ದರೆ ಬಹುಶಃ ಬಟ್ಟೆ ತೆಳು, ಬಿಸಿ ಹೊಗೆ ಸೋರಿದೆ. ಕತ್ತರಿಸಿದ ಹಾಗೆ ಹರಿದಿದ್ದರೆ ಅಳತೆ ತೀರಾ ಬಿಗಿ, ಇಲ್ಲವೇ ಗೀರಿನ ಅಂಚು ಚೂಪು.

ಬಿಗಿ ಜಾಸ್ತಿಯಾಗಿ ಗುಂಡು ಅರ್ಧದಲ್ಲೇ ನಿಂತರೆ ಮಾತ್ರ ಹುಷಾರು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆಯೇ ಸಿಡಿಯಬಹುದು. ಅದಕ್ಕೇ ಅವರು ತುರುಕುವ ಕೋಲಿನ ಮೇಲೆ ಗುರುತು ಹಾಕಿರ್ತಾರೆ. ಈ ಅಪಾಯ ನಮ್ಮ ನುಣುಪು ನಳಿಗೆಗೂ ಅಷ್ಟೇ ಇದೆ.