ಭದ್ರಾವತಿ ಮಿಕ್ಸಿಯ ಚಿಕ್ಕಮಗಳೂರು ಪ್ರವಾಸ

ನಿಮ್ಮ ಮಿಕ್ಸಿ ಕಳೆದಿಲ್ಲಮ್ಮಾ, ಊರು ಸುತ್ತುತ್ತಿದೆ. ನೀವು ಕಳಿಸಿದ ಆರ್ಡರ್ ಪ್ರತಿಯಲ್ಲಿ ಪಿನ್‌ಕೋಡ್ 577101 ಎಂದಿದೆ. ಅದು ಚಿಕ್ಕಮಗಳೂರು! ಶಿವಮೊಗ್ಗ 577201, ನಿಮ್ಮ ಭದ್ರಾವತಿ 577301. ಒಂದಂಕಿ ತಪ್ಪಿದರೆ ಜಿಲ್ಲೆಯೇ ಬದಲು. ಪಾರ್ಸೆಲ್ ವಿಂಗಡಿಸುವವರು ಮೊದಲು ನೋಡುವುದು ಅಂಕಿಯನ್ನೇ; ನೀವು ಬರೆದ ‘ಹಳೇ ಸೇತುವೆ ಹತ್ತಿರ’ ಅವರ ಕಣ್ಣಿಗೆ ಬೀಳುವುದು ಕೊನೆಗೆ. ಊರೂರಿನ ಹೆಸರಿನ ಗೊಂದಲ ತಪ್ಪಿಸಲೆಂದೇ 1972ರಲ್ಲಿ ಪಿನ್‌ಕೋಡ್ ಬಂತು, ನಮ್ಮ ಕಡೆ ಅದೇ ಗೊಂದಲವಾಗಿ ಕೂತಿದೆ.

ಹೊರಟ ಪಾರ್ಸೆಲ್‌ನ ಊರು ಬದಲಿಸುವುದು ಕಷ್ಟ. ವಾಪಸಾಗಲಿ ಬಿಡಿ, ಹಣ ಬಂದ ಮೇಲೆ ಮತ್ತೆ ತರಿಸಿ. ಮನೆಯವರಿಗೂ ಒಂದು ಮಾತು: ಡಬ್ಬ ಕೈಗೆ ಬರುವ ಮುನ್ನ ಫೋನಿನಲ್ಲಿ ಯಾರು ಎಷ್ಟೇ ನಯವಾಗಿ ಕೇಳಿದರೂ ಒಟಿಪಿ ಹೇಳಬಾರದು. ಹಣ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಹೇಳಬಹುದು.